ಗಲ್ಲಾಪೆಟ್ಟಿಗೆಯ ಹಣವೆಲ್ಲ ಲಾಭವಲ್ಲ

ಕಳೆದ ವರ್ಷದ ರಂಝಾನ್. ತರಾವೀಹ್ ಮುಗಿಸಿ ಮಸೀದಿಯಿಂದ ಹೊರಗೆ ಬರುವಾಗ ನಮ್ಮ ಕಡೆಯ ಒಂದು ದಿನಸಿ ಅಂಗಡಿಯ ಕಾಕ ಮೆಟ್ಟಿಲಿನ ಹತ್ತಿರ ಕಾದು ನಿಂತಿದ್ದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆ. ಅದರೊಳಗೆ ಬಿಲ್ಲುಗಳು, ಚೀಟಿಗಳು, ರಟ್ಟು ಕಿತ್ತುಹೋದ ಎರಡು ಸಾಲದ ಪುಸ್ತಕ.

‘‘ಉಸ್ತಾದೇ, ಈ ವರ್ಷದ ಜಕಾತ್ ಎಷ್ಟು ಬರ್ತದೆ ಅಂತ ಒಮ್ಮೆ ನೋಡಿ ಕೊಡಿ’’ ಅಂದರು.

‘‘ಹೋದ ವರ್ಷ ಎಷ್ಟು ಕೊಟ್ಟಿದ್ದಿರಿ ಕಾಕ?’’

‘‘ಐದು ಸಾವಿರ. ಒಂದು ಅಂದಾಜಿಗೆ.’’

ಜಕಾತ್ ಅಂದಾಜಿಗೆ ಕೊಡುವಂಥದ್ದಲ್ಲ. ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಮಾಲಿನ ಇಂದಿನ ಬೆಲೆ ಎಷ್ಟು, ಕೈಯಲ್ಲಿ ನಗದು ಎಷ್ಟು ಎಂದು ನೋಡಬೇಕು. ಅದು ನಿಸಾಬ್ ದಾಟಿ ಒಂದು ಚಾಂದ್ರಮಾನ ವರ್ಷ ತುಂಬಿದ್ದರೆ ಶೇ. 2.5 ಕೊಡಬೇಕು. ಫ್ರಿಜ್, ಕಪಾಟು, ತಕ್ಕಡಿ, ಟೆಂಪೊ ಇವು ಮಾರಾಟದ ಮಾಲಲ್ಲ, ಅವು ಲೆಕ್ಕಕ್ಕೆ ಬರುವುದಿಲ್ಲ. ಇದನ್ನೆಲ್ಲ ಹೇಳಿ, ‘‘ಅಂಗಡಿಯಲ್ಲಿ ಎಷ್ಟರ ಮಾಲು ಉಂಟು?’’ ಎಂದು ಕೇಳಿದೆ. ಕಾಕ ನನ್ನ ಮುಖ ನೋಡಿದರು. ಇಪ್ಪತ್ತೈದು ವರ್ಷದಿಂದ ಅಂಗಡಿ ನಡೆಸುತ್ತಿರುವ ಅವರಿಗೆ ಆ ಒಂದು ಅಂಕೆ ಗೊತ್ತಿರಲಿಲ್ಲ.

ಮತ್ತೆ ಎರಡು ರಾತ್ರಿ ಅಂಗಡಿಯ ಶಟರ್ ಅರ್ಧ ಎಳೆದು ಕಾಕ, ಅವರ ಮಗ, ನಾನು ಕುಳಿತು ಎಣಿಸಿದೆವು. ಮಾಲು, ನಗದು ಸೇರಿ 4 ಲಕ್ಷ ರೂಪಾಯಿ ಬಂತು. ಜಕಾತ್ 10 ಸಾವಿರ. ಕಾಕನ ಮುಖ ಸಣ್ಣದಾಯಿತು. ‘‘ಲಾಭವೇ ಇಲ್ಲದ ಅಂಗಡಿಗೂ ಜಕಾತ್ ಉಂಟಾ ಉಸ್ತಾದೇ?’’

ಜಕಾತ್ ಇರುವುದು ಮಾಲಿನ ಮೇಲೆ, ಲಾಭದ ಮೇಲೆ ಅಲ್ಲ ಎಂದು ಉತ್ತರ ಹೇಳಿದೆ. ಆದರೆ ಅವರ ಪ್ರಶ್ನೆಯ ಮೊದಲ ಅರ್ಧ ನನ್ನ ಕಿವಿಯಲ್ಲೇ ಉಳಿಯಿತು. ದಿನಕ್ಕೆ 20 ಸಾವಿರ ವ್ಯಾಪಾರ ಇರುವ ಅಂಗಡಿಯಲ್ಲಿ ಲಾಭ ಯಾಕೆ ಇಲ್ಲ?

ಈ ಲೇಖನ ಆ ಪ್ರಶ್ನೆಯ ಬಗ್ಗೆ. ಕಾಕನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು ಬೇಡ ಎಂದಿದ್ದಾರೆ. ಲೆಕ್ಕ ಸುಲಭವಾಗಲಿ ಎಂದು ಅಂಕೆಗಳನ್ನು ಸ್ವಲ್ಪ ದುಂಡು ಮಾಡಿದ್ದೇನೆ.

35 ಸಾವಿರ ಎಲ್ಲಿ ಹೋಯಿತು?

ಕಾಕನ ಬಾಯಿಲೆಕ್ಕ ಹೀಗಿತ್ತು. ತಿಂಗಳಿಗೆ 6 ಲಕ್ಷದ ಮಾರಾಟ. ಅಕ್ಕಿ, ಸಕ್ಕರೆ, ಎಣ್ಣೆಯಲ್ಲಿ ಸಿಗುವುದು ಕಡಿಮೆ, ಬಿಸ್ಕಿಟ್, ಸಾಬೂನಿನಲ್ಲಿ ಸ್ವಲ್ಪ ಹೆಚ್ಚು, ತರಕಾರಿಯಲ್ಲಿ ಇನ್ನೂ ಹೆಚ್ಚು. ಎಲ್ಲ ಕೂಡಿಸಿ ಸರಾಸರಿ ಶೇ. 10 ಮಾರ್ಜಿನ್. ಅಂದರೆ ಮಾಲಿನ ಅಸಲು ಕಳೆದು 60 ಸಾವಿರ ಉಳಿಯುತ್ತದೆ. ಕೆಲಸದ ಹುಡುಗನಿಗೆ 14 ಸಾವಿರ, ಕರೆಂಟು 3,500, ಟೆಂಪೊ ಬಾಡಿಗೆ 3,000, ಜಿಎಸ್‌ಟಿ ಕಾಂಪೊಸಿಷನ್ ತೆರಿಗೆ ಮತ್ತು ಅಕೌಂಟೆಂಟ್ ಫೀಸು 3,500, ತೊಟ್ಟೆ ಕಾಗದ 1,000. ಒಟ್ಟು ಖರ್ಚು 25 ಸಾವಿರ. ಉಳಿತಾಯ 35 ಸಾವಿರ.

‘‘ಕಟ್ಟಡ ನಮ್ಮದೇ. ಬಾಡಿಗೆ ಇಲ್ಲ. ಮಗ ನಮ್ಮವನೇ. ಸಂಬಳ ಇಲ್ಲ. 35 ಸಾವಿರ ಮಿಗಬೇಕಲ್ಲ? ಮಿಗುದಿಲ್ಲ ಉಸ್ತಾದೇ. ಯಾರದ್ದೋ ಕಣ್ಣು ಬಿದ್ದಿದೆ ಅಂತ ಮನೆಯಲ್ಲಿ ಹೇಳ್ತಾರೆ.’’

ಕಣ್ಣು ಬಿದ್ದದ್ದಲ್ಲ. ಕಣ್ಣಿಗೆ ಬೀಳದ ಖರ್ಚುಗಳು ಇದ್ದವು.

ಮೊದಲು ಹಣವಾಗಿಯೇ ಹೋಗುತ್ತಿದ್ದದ್ದನ್ನು ನೋಡೋಣ. ಕೊಳೆತ ಟೊಮೆಟೊ, ಮೊಳಕೆ ಬಂದ ನೀರುಳ್ಳಿ, ತಾರೀಕು ಮುಗಿದ ಬ್ರೆಡ್, ಇಲಿ ಕಡಿದ ಮೂಟೆ ಸೇರಿ ತಿಂಗಳಿಗೆ 5 ಸಾವಿರ. ಬರೆದಿಟ್ಟು ಬಾರದೇ ಹೋದ ಸಾಲ ತಿಂಗಳಿಗೆ ಸುಮಾರು 4 ಸಾವಿರ. ಮನೆಗೆ ಬೇಕಾದ ಅಕ್ಕಿ, ಎಣ್ಣೆ, ಮಕ್ಕಳ ಚಾಕಲೇಟು ಎಲ್ಲ ಅಂಗಡಿಯಿಂದಲೇ, ಅದು 6 ಸಾವಿರ. ಈ ಮೂರು ಸೇರಿ 15 ಸಾವಿರ. ಕೈಗೆ ಬರುತ್ತಿದ್ದ ನಗದು 35 ಅಲ್ಲ, 20 ಸಾವಿರ. ಆದರೆ ಕಾಕ ಮನೆ ನಡೆಸುತ್ತಿದ್ದದ್ದು 35 ಉಂಟು ಎಂಬ ನಂಬಿಕೆಯಲ್ಲಿ. ತಿಂಗಳಿಗೆ 15 ಸಾವಿರದ ತೂತು. ವರ್ಷಕ್ಕೆ 1 ಲಕ್ಷ 80 ಸಾವಿರ. ಮಂಗಳೂರು ಬಂದರಿನ ಸಗಟು ವ್ಯಾಪಾರಿಗಳ ಬಾಕಿ ಯಾಕೆ ಬೆಳೆಯುತ್ತಾ ಹೋಯಿತು ಎಂಬುದು ಅಲ್ಲಿಗೆ ಗೊತ್ತಾಯಿತು.

ಎರಡನೇ ರಾತ್ರಿ ಮಗ ಚಹಾ ತರಲು ಹೋದಾಗ ಕಾಕ ತಲೆ ತಗ್ಗಿಸಿ ಇನ್ನೊಂದು ಮಾತು ಹೇಳಿದರು. ಮನೆಯವರ ಮೂರು ಬಳೆ ಬಡ್ಡಿಗೆ ಅಡವಿನಲ್ಲಿತ್ತು. ಮದ್ರಸದ ಉಸ್ತಾದನ ಹತ್ತಿರ ಅದನ್ನು ಹೇಳಲು ಅವರಿಗೆ ಎಷ್ಟು ಕಷ್ಟವಾಗಿರಬಹುದು. ನಾನು ಏನೂ ಹೇಳಲಿಲ್ಲ, ಪುಸ್ತಕದಲ್ಲಿ ಒಂದು ಗೆರೆ ಎಳೆದು ಅದನ್ನೂ ಬರೆದೆ.

ಬರೆಯದ ಖರ್ಚು

ಇನ್ನು ಹಣವಾಗಿ ಹೊರಗೆ ಹೋಗದ, ಆದರೂ ಖರ್ಚೇ ಆದ ಕೆಲವು ಸಂಗತಿ ಉಂಟು. ಕಟ್ಟಡ ಸ್ವಂತದ್ದು ನಿಜ. ಆದರೆ ಅದನ್ನು ಬೇರೆಯವರಿಗೆ ಕೊಟ್ಟಿದ್ದರೆ ತಿಂಗಳಿಗೆ 10 ಸಾವಿರ ಬರುತ್ತಿತ್ತು. ಅಲ್ಲಿ ತಾವೇ ಅಂಗಡಿ ಇಟ್ಟದ್ದರಿಂದ ಆ 10 ಸಾವಿರ ಬಿಟ್ಟುಕೊಟ್ಟ ಹಾಗೆ. ಮಗ ಬೇರೆ ಕಡೆ ದುಡಿದರೆ 12 ಸಾವಿರ ತರಬಹುದಿತ್ತು. ಫ್ರೀಜರ್‌ಗೆ 60 ಸಾವಿರ ಕೊಟ್ಟಿದ್ದಾರೆ, ಐದು ವರ್ಷ ಬಾಳಿಕೆ ಬಂದರೆ ತಿಂಗಳಿಗೆ ಒಂದು ಸಾವಿರ ಸವೆಯುತ್ತದೆ. ಆರನೇ ವರ್ಷ ಹೊಸತು ತರಲು ಹಣ ಎಲ್ಲಿಂದ?

ಈಗ ಕಾಕನ 35 ಸಾವಿರದಿಂದ ಕಳೆಯಿರಿ. ಬಾಡಿಗೆಯ 10, ಮಗನ 12, ಹಾಳಾದ ಮಾಲು 5, ಮುಳುಗಿದ ಸಾಲ 4, ಫ್ರೀಜರ್‌ನ 1. ಒಟ್ಟು 32 ಸಾವಿರ. (ಮನೆಗೆ ಒಯ್ದ 6 ಸಾವಿರವನ್ನು ಇಲ್ಲಿ ಕಳೆಯಬಾರದು, ಅದು ಅಂಗಡಿಯ ಖರ್ಚಲ್ಲ, ಮನೆಯ ಖರ್ಚು.) ಉಳಿದದ್ದು 3 ಸಾವಿರ. ಬೆಳಗ್ಗೆ 7ರಿಂದ ರಾತ್ರಿ 9ರವರೆಗೆ ಕಾಕ ಕುಳಿತುಕೊಳ್ಳುವುದಕ್ಕೆ ಸಿಗುವ ಕೂಲಿ ದಿನಕ್ಕೆ 100 ರೂಪಾಯಿ.

ಇದನ್ನು ಹೇಳಿದಾಗ ಕಾಕ ಸುಮಾರು ಹೊತ್ತು ಮಾತಾಡಲಿಲ್ಲ.

ನನಗೆ ಈ ಲೆಕ್ಕ ಹೊಸತಲ್ಲ. ಪಿಯುಸಿಯಲ್ಲಿ ಅಕೌಂಟೆನ್ಸಿ ಓದಿದ್ದೆ ಎನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ನಮ್ಮ ಮನೆಯೇ. ನನ್ನ ಉಪ್ಪನೂ ಸಣ್ಣ ಅಂಗಡಿ ಇಟ್ಟಿದ್ದರು. ಗಲ್ಲಾಪೆಟ್ಟಿಗೆಯಲ್ಲಿ ನೋಟು ಕಂಡರೆ ‘ವ್ಯಾಪಾರ ಉಂಟು’ ಎನ್ನುತ್ತಿದ್ದರು. ಆ ನೋಟಿನಲ್ಲಿ ಹೆಚ್ಚಿನ ಪಾಲು ಸಗಟು ವ್ಯಾಪಾರಿಯದ್ದು ಎಂದು ಅವರಿಗೆ ಅನಿಸಿರಲೇ ಇಲ್ಲ. ಅಂಗಡಿ ಮುಚ್ಚಿದ ದಿನ ಬಾಗಿಲಿಗೆ ಬಂದ ಸಾಲಗಾರರನ್ನು ನೋಡಿದಾಗ ನಾನು ಎಂಟನೇ ಕ್ಲಾಸು.

ಅದೇ ಮನೆಯಲ್ಲಿ ಉಮ್ಮ ಬೀಡಿ ಕಟ್ಟುತ್ತಿದ್ದರು. ಶಾಲೆಗೆ ಹೋಗದ ಹೆಂಗಸು. ಆದರೆ ಅವರ ಲೆಕ್ಕ ಎಂದೂ ತಪ್ಪಿದ್ದಿಲ್ಲ. ಕಂಟ್ರಾಕ್ಟರ್ ಕೊಟ್ಟ ಎಲೆ ಎಷ್ಟು, ಹೊಗೆಸೊಪ್ಪು ಎಷ್ಟು, ಅದರಲ್ಲಿ ತೂತು ಬಿದ್ದ ಎಲೆ ಎಷ್ಟು, ಸಾವಿರ ಬೀಡಿಗೆ ಎಲೆ ಸಾಕಾಗದಿದ್ದರೆ ಕೈಯಿಂದ ಕೊಟ್ಟು ತಂದ ಎಲೆಗೆ ಎಷ್ಟು, ‘ಸರಿ ಇಲ್ಲ’ ಎಂದು ವಾಪಸು ಹಾಕಿದ ಕಟ್ಟು ಎಷ್ಟು. ಇಷ್ಟನ್ನೂ ಕಳೆದೇ ‘ನನಗೆ ಇಂದು ಇಷ್ಟು’ ಎನ್ನುತ್ತಿದ್ದರು. ಸಾವಿರಕ್ಕೆ ಇಂತಿಷ್ಟು ಮಜೂರಿ ಎಂದು ಕಂಟ್ರಾಕ್ಟರ್ ಹೇಳುವ ಮಾತು ಬೇರೆ, ಕೈಗೆ ಉಳಿಯುವುದು ಬೇರೆ ಎಂದು ಅವರಿಗೆ ಗೊತ್ತಿತ್ತು. ನಮ್ಮ ಕರಾವಳಿಯ ಬೀಡಿ ಕಟ್ಟಿದ ಮನೆಗಳಲ್ಲೆಲ್ಲ ಇಂಥ ಒಬ್ಬರು ಲೆಕ್ಕಿಗರು ಇದ್ದರು. ಅಂಗಡಿಯ ಲೆಕ್ಕ ನೋಡಲು ಅವರನ್ನು ಯಾರೂ ಕರೆಯಲಿಲ್ಲ ಅಷ್ಟೆ.

ಓಡುವ ಮಾಲು, ಕುಳಿತ ಮಾಲು

ಅಂಗಡಿ ಎಣಿಸುವಾಗ ಕಂಡ ಇನ್ನೊಂದು ಸಂಗತಿ. ಒಳಗಿನ ಸಣ್ಣ ಕೋಣೆಯಲ್ಲಿ ಗಾಜಿನ ಡಿನ್ನರ್ ಸೆಟ್, ಪ್ಲಾಸ್ಟಿಕ್ ಹೂಕುಂಡ, ಗೋಡೆ ಗಡಿಯಾರಗಳ ರಾಶಿ. ‘‘ಇದರಲ್ಲಿ ಮೂವತ್ತು ಪರ್ಸೆಂಟ್ ಉಂಟು ಉಸ್ತಾದೇ. ಅಕ್ಕಿಯಲ್ಲಿ ನಾಲ್ಕೂ ಸಿಗುದಿಲ್ಲ’’ ಎಂದರು ಕಾಕ.

ಕೇಳಲಿಕ್ಕೆ ಸರಿ. ಆದರೆ 10 ಸಾವಿರ ರೂಪಾಯಿಯನ್ನು ಅಕ್ಕಿಗೆ ಹಾಕಿ, ಅಸಲಿನ ಮೇಲೆ ಶೇ. 4 ಸಿಕ್ಕಿತು ಎನ್ನಿ, 400 ರೂಪಾಯಿ. ಆ ಅಕ್ಕಿ ಒಂದು ವಾರದಲ್ಲಿ ಖಾಲಿ. ಅದೇ ಹಣ ತಿಂಗಳಲ್ಲಿ ನಾಲ್ಕು ಸಲ ತಿರುಗಿ 1,600 ತರುತ್ತದೆ. ಅದೇ 10 ಸಾವಿರದ ಡಿನ್ನರ್ ಸೆಟ್ ಮಾರಿಹೋಗಲು ಒಂದು ವರ್ಷ. ಲಾಭ 3 ಸಾವಿರ, ತಿಂಗಳಿಗೆ 250. ಶೇಕಡಾವಾರು ದೊಡ್ಡದಿದ್ದರೆ ಸಾಲದು, ಹಣ ಎಷ್ಟು ಬೇಗ ತಿರುಗಿ ಬರುತ್ತದೆ ಎಂದೂ ನೋಡಬೇಕು. ಕುಳಿತ ಮಾಲು ಹಣವನ್ನೂ ಹಿಡಿದಿಡುತ್ತದೆ, ಜಾಗವನ್ನೂ ಹಿಡಿದಿಡುತ್ತದೆ.

ಹಾಗೆಂದು ಲಾಭ ಕಡಿಮೆ ಎಂದು ಅಕ್ಕಿ, ಸಕ್ಕರೆ ಇಡದಿದ್ದರೆ ಆಗುವುದಿಲ್ಲ. ಅಕ್ಕಿಗೆ ಬಂದವರೇ ಸಾಬೂನು, ಸಾಂಬಾರ ಪುಡಿ ಒಯ್ಯುವುದು.

ರಿಯಾಯಿತಿಯ ವಿಷಯವೂ ಹೀಗೆ. ಪಕ್ಕದ ಊರಿನಲ್ಲಿ ದೊಡ್ಡ ಸೂಪರ್ ಮಾರ್ಕೆಟ್ ಬಂತು ಎಂದು ಕಾಕ ಎಲ್ಲ ಮಾಲಿಗೂ ನೂರಕ್ಕೆ ಎರಡು ರೂಪಾಯಿ ಬಿಡಲು ಹೊರಟಿದ್ದರು. ‘‘ಎರಡು ರೂಪಾಯಿ ಅಲ್ಲವಾ?’’ ಅಲ್ಲ. ನೂರಕ್ಕೆ ಹತ್ತು ಸಿಗುವಲ್ಲಿ ಎರಡು ಬಿಟ್ಟರೆ ಉಳಿಯುವುದು ಎಂಟು. ಮೊದಲಿನಷ್ಟೇ ಲಾಭ ಬರಬೇಕಾದರೆ ಮೊದಲು 100 ಮಾರುತ್ತಿದ್ದಲ್ಲಿ 125 ಮಾರಬೇಕು. ಅಷ್ಟು ಗಿರಾಕಿ ಹೊಸದಾಗಿ ಬರುತ್ತಾರಾ? ಬರುವುದಿಲ್ಲ ಎಂದು ಅವರಿಗೇ ಗೊತ್ತಿತ್ತು. ಸೂಪರ್ ಮಾರ್ಕೆಟ್ ಕೊಡಲಾಗದ್ದು ಕಾಕನ ಹತ್ತಿರ ಬೇರೆ ಉಂಟು. ಫೋನು ಮಾಡಿದರೆ ಹುಡುಗ ಮನೆಗೆ ತಂದು ಕೊಡುತ್ತಾನೆ, ಐದು ರೂಪಾಯಿಯ ಜೀರಿಗೆಯೂ ಸಿಗುತ್ತದೆ.

ಖರ್ಚು ಇಳಿಸುವುದು ಎಂದ ಕೂಡಲೇ ಕೆಲವರು ಮೊದಲು ಕೈ ಹಾಕುವುದು ಹುಡುಗನ ಸಂಬಳಕ್ಕೆ. ಯಾವ ಮನೆಗೆ ಯಾವ ಅಕ್ಕಿ ಎಂದು ಗೊತ್ತಿರುವ ಹುಡುಗ ಬಿಟ್ಟು ಹೋದರೆ ಅವನ ಜೊತೆ ಹೋಗುವ ವ್ಯಾಪಾರಕ್ಕೂ ಒಂದು ಬೆಲೆ ಉಂಟಲ್ಲ? ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸಾಲ ಬೇರೆ, ಸದಕ ಬೇರೆ

ಸಾಲದ ಪುಸ್ತಕ ತೆರೆದಾಗ ಕಾಕ ಮುಜುಗರಪಟ್ಟರು. ಸಂಬಂಧಿಕರು, ಜಮಾಅತಿನವರು, ಗಲ್ಫಿನಿಂದ ಹಣ ಬಂದಾಗ ಕೊಡುತ್ತೇವೆ ಎಂದವರು. ‘‘ಹೇಗೆ ಕೇಳುದು?’’

ಸಾವಿರ ರೂಪಾಯಿಯ ಸಾಲ ಮುಳುಗಿದರೆ ಹೋದದ್ದು ನೂರು ರೂಪಾಯಿಯ ಲಾಭ ಮಾತ್ರವಲ್ಲ, ಮಾಲಿಗೆ ಕೊಟ್ಟ 900 ಕೂಡ. ಆ 900 ತುಂಬಲು ಇನ್ನೂ 9 ಸಾವಿರದ ವ್ಯಾಪಾರ ಮಾಡಬೇಕು. ಅಷ್ಟು ಮಾರಿದ ಮೇಲೆ ಸಿಗುವುದು ಬರೀ ಹಳೆಯ ಅಸಲು.

ಸಾಲವೇ ಬೇಡ ಎಂದರೆ ಹಳ್ಳಿಯ ಅಂಗಡಿ ನಡೆಯುವುದಿಲ್ಲ. ತಿಂಗಳ ಸಂಬಳದವರು, ಬೀಡಿ ಮಜೂರಿಯವರು ಬರೆಸಿಯೇ ಒಯ್ಯುವುದು. ಕಾಕ ಮಾಡಿದ್ದು ಇಷ್ಟು. ಪ್ರತಿ ಮನೆಗೂ ಒಂದು ಮಿತಿ, ಹಳೆಯದು ತೀರದೆ ಹೊಸತು ಇಲ್ಲ, ತಿಂಗಳ ಕೊನೆಗೆ ವಾಟ್ಸ್ಆ್ಯಪ್‌ನಲ್ಲಿ ಲೆಕ್ಕ. ಕೊಡಲು ನಿಜವಾಗಿಯೂ ಆಗದ ಎರಡು ಮನೆ ಇತ್ತು, ಒಂದು ಯತೀಮ್ ಮಕ್ಕಳ ಮನೆ. ಅವರ ಹೆಸರನ್ನು ಸಾಲದ ಪುಸ್ತಕದಿಂದಲೇ ತೆಗೆದುಬಿಟ್ಟರು. ತಿಂಗಳಿಗೆ ಇಷ್ಟು ಅಕ್ಕಿ ಎಂದು ಸದಕದ ಲೆಕ್ಕಕ್ಕೆ ಬರೆದರು. ಕೊಡುವವನಿಗೂ ನೆಮ್ಮದಿ, ಅಂಗಡಿಯ ಮುಂದೆ ತಲೆ ತಗ್ಗಿಸಿ ಹೋಗುತ್ತಿದ್ದವರಿಗೂ ನೆಮ್ಮದಿ.

ಬಂಗುಡೆಯ ಪಾಠ

ಇದು ದಿನಸಿ ಅಂಗಡಿಯವರ ಕಥೆ ಮಾತ್ರವಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಮೀನು ವ್ಯಾಪಾರ ಮಾಡುತ್ತಾನೆ. ಬೆಳಗ್ಗೆ ಧಕ್ಕೆಗೆ ಹೋಗಿ 25 ಕಿಲೊ ಬಂಗುಡೆ ಕಿಲೊಗೆ 150ರಂತೆ ತರುತ್ತಾನೆ, 3,750 ರೂಪಾಯಿ. ಐಸು, ಪೆಟ್ರೋಲ್ 350. ಒಟ್ಟು 4,100. ಬೆಳಗ್ಗಿನ ಹೊತ್ತು 220ರಂತೆ 20 ಕಿಲೊ ಹೋಗುತ್ತದೆ, 4,400 ಬಂತು. ಹನ್ನೊಂದು ಗಂಟೆಗೆ 5 ಕಿಲೊ ಉಳಿಯುತ್ತದೆ. ಯಾರಾದರೂ ‘‘120ಕ್ಕೆ ಕೊಡ್ತೀಯಾ?’’ ಎಂದರೆ ಅವನಿಗೆ ಸಿಟ್ಟು. ‘‘ಅಸಲೇ 150 ಉಂಟು, ಲಾಸಿಗೆ ಕೊಡ್ಲಿಕ್ಕೆ ನನಗೆ ಹುಚ್ಚಾ?’’

ಅವನು ಕೇಳಬೇಕಾದ ಪ್ರಶ್ನೆ ಅದಲ್ಲ. ಕೊಟ್ಟ 150 ಧಕ್ಕೆಯಲ್ಲೇ ಹೋಯಿತು, ಸಿಟ್ಟು ಮಾಡಿದರೆ ತಿರುಗಿ ಬರುವುದಿಲ್ಲ. ಈ ಮೀನಿಗೆ ಇನ್ನು ಎಷ್ಟು ಸಿಗಬಹುದು ಎಂಬುದೇ ಪ್ರಶ್ನೆ. ಈಗ 120 ಸಿಗುತ್ತದೆ, ಅಂದರೆ 600 ರೂಪಾಯಿ. ನಾಳೆ ಒಣಮೀನಿಗೆ ಹಾಕಿದರೆ ಕಿಲೊಗೆ 30 ಎನ್ನಿ, 150 ರೂಪಾಯಿ. ಹಟ ಮಾಡಿದರೆ ಆ ದಿನದ ಲಾಭ 450, ಮಾರಿದರೆ 900.

ಹಾಗಾದರೆ ದಿನಾ 120ಕ್ಕೆ ಬಿಡುವುದಾ? ಬಿಟ್ಟರೆ ಗಿರಾಕಿಗಳು ಹನ್ನೊಂದು ಗಂಟೆಗೆ ಕಾಯಲು ಕಲಿಯುತ್ತಾರೆ. ಮೂರನೇ ದಾರಿ ಉಂಟು. ಧಕ್ಕೆಯಲ್ಲೇ 20 ಕಿಲೊ ಮಾತ್ರ ತಂದರೆ ಖರ್ಚು 3,350, ಮಾರಾಟ 4,400, ಲಾಭ 1,050. ಕಡಿಮೆ ತಂದು ಹೆಚ್ಚು ಉಳಿಸಿದ ಹಾಗೆ. ‘‘ಇಷ್ಟು ಸಮಯ ನಾನು ಐಸಿಗೆ ದುಡಿದದ್ದಾ ಉಸ್ತಾದ್?’’ ಎಂದು ನಕ್ಕ.

ಅವನ ಗಾಡಿಯ ಕಂತು ತಿಂಗಳಿಗೆ 8 ಸಾವಿರ. ಆದರೆ ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ನಾಡದೋಣಿಯ ಮೀನು ಬಂದರೂ ಕಡಿಮೆ, ದರವೂ ಜಾಸ್ತಿ. ಕಂತಿಗೆ ಮಾತ್ರ ರಜೆ ಇಲ್ಲ. ವರ್ಷದ 96 ಸಾವಿರ ಕಂತನ್ನು ಹತ್ತು ತಿಂಗಳ ದುಡಿಮೆಯಲ್ಲೇ ತೆಗೆಯಬೇಕು. ಅಂದರೆ ಅವನ ನಿಜವಾದ ಕಂತು ತಿಂಗಳಿಗೆ 9,600. ಸೆಪ್ಟೆಂಬರಿನಲ್ಲಿ ಕೈತುಂಬ ಹಣ ಬಂದಾಗ ಜೂನನ್ನು ನೆನಪಿಟ್ಟುಕೊಳ್ಳುವವನೇ ವ್ಯಾಪಾರಿ.

ಎರಡನೇ ಅಂಗಡಿಯ ಆಸೆ

ಕಾಕನ ಮನಸ್ಸಿನಲ್ಲಿ ಒಂದು ಯೋಚನೆ ಇತ್ತು. ಒಂದು ಅಂಗಡಿಯಲ್ಲಿ ಮಿಗುವುದಿಲ್ಲ, ಎರಡು ಮಾಡಿದರೆ ಮಿಗಬಹುದು. ಮೇನ್ ರೋಡಿನ ಹೊಸ ಕಾಂಪ್ಲೆಕ್ಸಿನಲ್ಲಿ ಒಂದು ಕೋಣೆ ನೋಡಿ ಮಾತು ಕೊಡುವ ಹಂತಕ್ಕೆ ಬಂದಿದ್ದರು. ಅಡ್ವಾನ್ಸಿಗೆ ಮನೆಯಲ್ಲಿ ಉಳಿದ ಚಿನ್ನ, ಉಳಿದದ್ದಕ್ಕೆ ಸಾಲ.

ಆ ಲೆಕ್ಕವನ್ನು ಅವರ ಮನೆಯ ಜಗಲಿಯಲ್ಲಿ ಕುಳಿತು ಮಾಡಿದೆವು. ಬಾಡಿಗೆ 25 ಸಾವಿರ, ಇಬ್ಬರು ಕೆಲಸದವರಿಗೆ 28, ಕರೆಂಟು 10, ಸಾಲದ ಕಂತು 17. ಒಟ್ಟು 80 ಸಾವಿರ. ಒಂದು ರೂಪಾಯಿಯ ಮಾಲು ಮಾರದಿದ್ದರೂ ತಿಂಗಳ ಕೊನೆಗೆ ಇಷ್ಟು ಕೊಡಲೇಬೇಕು. ನನ್ನ ಮಾತು ಮುಗಿಯುವ ಮೊದಲೇ ಒಳಗಿನಿಂದ ಕಾಕನ ಮನೆಯವರ ಸ್ವರ ಕೇಳಿತು. ‘‘ಆ ಎಂಬತ್ತು ಸಾವಿರ ಹುಟ್ಟಲಿಕ್ಕೆ ಅಲ್ಲಿ ದಿನಕ್ಕೆ ಎಷ್ಟು ಮಾರಬೇಕು?’’

ಅವರೂ ಬೀಡಿ ಕಟ್ಟಿ ಬೆಳೆದವರು.

ಶೇ. 10 ಮಾರ್ಜಿನ್‌ನಲ್ಲಿ 80 ಸಾವಿರ ಹುಟ್ಟಬೇಕಾದರೆ ತಿಂಗಳಿಗೆ 8 ಲಕ್ಷ ಮಾರಬೇಕು. ದಿನಕ್ಕೆ 26 ಸಾವಿರದ ಆರುನೂರಕ್ಕೂ ಮಿಕ್ಕಿ. ಇಪ್ಪತ್ತೈದು ವರ್ಷದ ಹಳೆಯ ಅಂಗಡಿಯಲ್ಲೇ ಆಗುವುದು 20 ಸಾವಿರ. ಅಷ್ಟು ಮಾರಿದರೂ ಬರುವುದು ಲಾಭವಲ್ಲ, ಖರ್ಚು ಸರಿಹೋಯಿತು ಅಷ್ಟೆ. ಅಲ್ಲದೆ ಹಳೆಯ ಗಿರಾಕಿಗಳೇ ಹೊಸ ಅಂಗಡಿಗೆ ಹೋದರೆ ಅದು ಹೊಸ ವ್ಯಾಪಾರವಲ್ಲ, ಬಲಗೈಯದ್ದು ಎಡಗೈಗೆ ಬಂದ ಹಾಗೆ. ಬಡ್ಡಿಯ ವಿಷಯ ನಾನು ಎತ್ತಲಿಲ್ಲ. ಎತ್ತುವ ಅಗತ್ಯವೇ ಬರಲಿಲ್ಲ.

ಕಾಕ ಮರುದಿನವೇ ಕಾಂಪ್ಲೆಕ್ಸಿನವರಿಗೆ ಫೋನು ಮಾಡಿ ‘ಬೇಡ’ ಎಂದರು.

ವಿಸ್ತರಣೆ ತಪ್ಪು ಎಂದು ನನ್ನ ಮಾತಲ್ಲ. ಒಂದು ಅಂಗಡಿಯಲ್ಲಿ ತೂತು ಇರುವಾಗ ಎರಡನೆಯದು ಮಾಡಿದರೆ ತೂತು ಎರಡಾಗುತ್ತದೆ.

ಲೆಕ್ಕ ಮತ್ತು ಬರಕತ್

ನಮ್ಮಲ್ಲಿ ಒಂದು ಮಾತು ಉಂಟು, ತುಂಬ ಲೆಕ್ಕ ಹಾಕಿದರೆ ಬರಕತ್ ಹೋಗುತ್ತದೆ ಎಂದು. ಮದ್ರಸದಲ್ಲಿ ಕಲಿಸುವವನಾಗಿ ಇದಕ್ಕೆ ಉತ್ತರ ಹೇಳುವುದು ನನ್ನ ಜವಾಬ್ದಾರಿ. ಪವಿತ್ರ ಕುರ್‌ಆನಿನ ಅತಿ ಉದ್ದದ ಆಯತ್ ಯಾವುದು ಎಂದು ಮಕ್ಕಳಿಗೂ ಗೊತ್ತು, ಸೂರಃ ಬಕರಾದ 282ನೆಯದು. ಅದರ ವಿಷಯ ಏನು? ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಣ್ಣದಾಗಲಿ ದೊಡ್ಡದಾಗಲಿ ಬರೆಯಲು ಉದಾಸೀನ ಮಾಡಬಾರದು ಎಂಬುದು.

ಇಮಾಮ್ ಗಝಾಲಿ ಇಹ್ಯಾದ ಸಂಪಾದನೆಯ ಅಧ್ಯಾಯದಲ್ಲಿ ಅಬ್ದುರ್ರಹ್ಮಾನ್ ಬಿನ್ ಔಫ್ (ರ)ರ ವಿಷಯ ಹೇಳುತ್ತಾರೆ. ದೊಡ್ಡ ವ್ಯಾಪಾರಿಯಾಗಿದ್ದ ಆ ಸ್ವಹಾಬಿ ತಮ್ಮ ಏಳಿಗೆಗೆ ಮೂರು ಕಾರಣ ಹೇಳಿದರಂತೆ. ಸಣ್ಣ ಲಾಭವೆಂದು ಬಿಡಲಿಲ್ಲ, ಕೇಳಿದವರಿಗೆ ಪ್ರಾಣಿಯನ್ನು ಮಾರಲು ತಡಮಾಡಲಿಲ್ಲ, ಸಾಲಕ್ಕೆ ಮಾರಲಿಲ್ಲ. ಒಮ್ಮೆ ಸಾವಿರ ಒಂಟೆ ಮಾರಿದಾಗ ಅವರಿಗೆ ಸಿಕ್ಕಿದ್ದು ಒಂಟೆ ಕಟ್ಟುವ ಹಗ್ಗಗಳು ಮಾತ್ರ. ಹಗ್ಗಕ್ಕೆ ಒಂದು ದಿರ್ಹಮಿನಂತೆ ಸಾವಿರ ದಿರ್ಹಮ್. ಆದರೆ ಆ ದಿನ ಒಂಟೆಗಳ ಮೇವಿನ ಸಾವಿರ ದಿರ್ಹಮೂ ಉಳಿಯಿತು. ಕಾಕನ ಕೋಣೆಯಲ್ಲಿ ಕುಳಿತ ಡಿನ್ನರ್ ಸೆಟ್, ನನ್ನ ವಿದ್ಯಾರ್ಥಿಯ ಹನ್ನೊಂದು ಗಂಟೆಯ ಬಂಗುಡೆ ಎರಡಕ್ಕೂ ಪಾಠ ಅಲ್ಲೇ ಉಂಟು. ಮಾರದೆ ಇಟ್ಟುಕೊಳ್ಳುವುದಕ್ಕೂ ಖರ್ಚು ಉಂಟು.

‘ಬ್ಯಾರಿ’ ಎಂಬ ಹೆಸರೇ ತುಳುವಿನ ‘ಬ್ಯಾರ’ ಅಂದರೆ ವ್ಯಾಪಾರದಿಂದ ಬಂತು ಎನ್ನುವವರಿದ್ದಾರೆ. ವ್ಯಾಪಾರ ನಮ್ಮ ಹೆಸರಿನಲ್ಲೇ ಇದ್ದರೆ ಸಾಲದು, ಪುಸ್ತಕದಲ್ಲೂ ಇರಬೇಕು. ಈಗ ಅದು ಕಾನೂನಿನ ವಿಷಯವೂ ಹೌದು. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದಾಗ ಬೇಕರಿಯವರು, ಚಹಾದ ಅಂಗಡಿಯವರು ಎಷ್ಟು ಗಾಬರಿಗೊಂಡರು ಎಂದು ನೋಡಿದ್ದೇವೆ. ‘‘ನನಗೆ ಲಾಭವೇ ಇಲ್ಲ’’ ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ. ಜಿಎಸ್‌ಟಿ ನೋಂದಣಿಯ ಮಿತಿ ವರ್ಷದ ಮಾರಾಟದ ಮೇಲೆ, ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ. ಕಾಕನ ಮಾರಾಟ ವರ್ಷಕ್ಕೆ 72 ಲಕ್ಷ. ಮೊದಲೇ ನೋಂದಣಿ ಮಾಡಿಸಿದ್ದರಿಂದ ಬಚಾವಾದರು.

ಈ ವರ್ಷದ ತೊಟ್ಟೆ

ದೊಡ್ಡ ಪವಾಡ ಏನೂ ಆಗಲಿಲ್ಲ. ತರಕಾರಿಯನ್ನು ಎರಡು ದಿನಕ್ಕೊಮ್ಮೆ ರಾಶಿ ತರುವ ಬದಲು ದಿನಕ್ಕೆ ಬೇಕಾದಷ್ಟೇ ತಂದರು. ಹಾಳಾಗುತ್ತಿದ್ದದ್ದು 5 ಸಾವಿರದಿಂದ 2 ಸಾವಿರಕ್ಕೆ ಇಳಿಯಿತು. ಸಾಲದ ನಷ್ಟ 4ರಿಂದ ಒಂದು ಸಾವಿರಕ್ಕೆ ಬಂತು. ಡಿನ್ನರ್ ಸೆಟ್‌ಗಳನ್ನು ಸಿಕ್ಕಿದ ಬೆಲೆಗೆ ಮಾರಿ ಆ ಕೋಣೆಯನ್ನು ಟೈಲರ್ ಒಬ್ಬರಿಗೆ 4 ಸಾವಿರ ಬಾಡಿಗೆಗೆ ಕೊಟ್ಟರು. ತಿಂಗಳಿಗೆ 10 ಸಾವಿರ ಹೀಗೆ ಬಂತು. ಮನೆಗೆ ಒಯ್ಯುವುದನ್ನೆಲ್ಲ ಬರೆಯಲು ಶುರು ಮಾಡಿದ ಮೇಲೆ ಮನೆಯ ಖರ್ಚು ತಾನಾಗಿಯೇ 5 ಸಾವಿರ ಇಳಿಯಿತು. 15 ಸಾವಿರದ ತೂತು ಮುಚ್ಚಿತು. ಮಗ ಎಲೆಕ್ಟ್ರಿಷಿಯನ್ ಒಬ್ಬರ ಜೊತೆ ಕೆಲಸಕ್ಕೆ ಹೋಗುತ್ತಾನೆ, ರಾತ್ರಿ ಬಂದು ಅಂಗಡಿಯ ಪುಸ್ತಕ ಬರೆಯುತ್ತಾನೆ.

ಈ ರಂಝಾನಿನಲ್ಲೂ ಕಾಕ ಅದೇ ಮೆಟ್ಟಿಲಿನ ಹತ್ತಿರ ನಿಂತಿದ್ದರು. ಕೈಯಲ್ಲಿ ತೊಟ್ಟೆ ಇತ್ತು, ಒಳಗೆ ಒಂದೇ ಪುಸ್ತಕ. ಮಾಲು 3 ಲಕ್ಷ 60 ಸಾವಿರ, ನಗದು 60 ಸಾವಿರ, ಜಕಾತ್ 10,500 ಎಂದು ಮಗನ ಅಕ್ಷರದಲ್ಲಿ ಬರೆದಿತ್ತು.

‘‘ಸರಿ ಉಂಟಾ ಉಸ್ತಾದೇ?’’

ಸರಿ ಇತ್ತು. ನಾನು ಪುಸ್ತಕ ಮಡಚಿ ಕೊಡುವಾಗ ಕಾಕ ಇನ್ನೊಂದು ಪುಟ ತೆರೆದು ತೋರಿಸಿದರು. ಹೋದ ವರ್ಷ ನಾನು ಅಡವಿನ ಬಳೆ ಎಂದು ಬರೆದ ಗೆರೆ ಅಲ್ಲಿ ಹೊಸ ಪುಸ್ತಕಕ್ಕೂ ಬಂದಿತ್ತು. ಮೂರು ಎಂದಿದ್ದದ್ದನ್ನು ಹೊಡೆದು ಎರಡು ಎಂದು ಬರೆದಿದ್ದರು.